ಉದ್ದಕ್ಕೆ ಬಂದ ದೋಣಿ

“ಲೇ ಗಾಳೆಪ್ಪಾ, ನಿಮ್ಮಕ್ಕನ್ನ ಪಿಲೇಗು ಗುಡಿಸಲಿಗೆ ಹಾಕ್ಯಾರ! ಬಟ್ಟಿ ದೋಣಿ ಹತ್ತಿದ್ಲಂತ!”

ಗಾಳೆಪ್ಪ ಹರಿಗೋಲನ್ನು ಬೋರಲು ಹಾಕಿ ಅದರ ಚರ್ಮಕ್ಕೆ ಎಣ್ಣೆ ತಿಕ್ಕುತ್ತಿದ್ದ. ಚಿಂದಿ ಹಿಡಿದ ಕೈ ಹಾಗೇ ನಿಂತಿತು. ಪಕ್ಕದ ಮನೆಯ ಚನ್ನವೀರಮ್ಮ ಓಡಿ ಬಂದ ರಭಸಕ್ಕೆ ಸೆರಗು ಹೆಗಲಿನಿಂದ ಜಾರಿತ್ತು.

“ಯಾವ ಬಟ್ಟಿ ದೋಣಿ?”

“ಅಯ್ಯ, ಊರಿಗೆಲ್ಲಾ ಗೊತ್ತೈತಿ, ನಿನಗ ಗೊತ್ತಿಲ್ಲೇನು? ಯಾರೋ ಬಿಳಿ ದೊರಿ ಬಂದಾನ. ದೋಣಿಗೆ ಕಂಬ ನೆಟ್ಟು ಇಷ್ಟುದ್ದ ಬಟ್ಟಿ ಕಟ್ಯಾನ. ಗಾಳಿಗೇ ಓಡತೈತಿ!”

“ಅದನ್ನ ಅಕ್ಕ ಯಾಕ ಹತ್ತಿದ್ಲು?”

“ಕುಂಕುಮ ಹಚ್ಚಾಕ. ಮತ್ತ್ಯಾಕ? ಹೊಸಾ ದೋಣಿ ಕಡವಿಗೆ ಬಂದ್ರ ನಿಮ್ಮಕ್ಕ ಸುಮ್ಮನಿರೋ ಪೈಕಿ ಏನು?”

ಸಿರುಗುಪ್ಪದಲ್ಲಿ ಹೊಳೆ ದಾಟುವ ಕಡವಿನಲ್ಲಿ ಅದು ಮೊದಲಿನಿಂದ ನಡೆದು ಬಂದದ್ದು. ಹೊಸ ಹರಿಗೋಲು ಮೊದಲ ಸಲ ದಡ ಮುಟ್ಟಿದರೆ ಅಂಬಿಗರ ಮನೆಯ ಹಿರಿಯ ಹೆಂಗಸು ಅದರ ಅಂಚಿಗೆ ಅರಿಸಿನ ಕುಂಕುಮ ಹಚ್ಚಿ, ಹೊಳೆಗೆ ಒಂದು ಹಿಡಿ ಮೊಸರನ್ನ ಬಿಡಬೇಕು. ಹರಿಗೋಲಿಗಾದರೆ ನೀರಿನಲ್ಲಿ ನಿಂತೇ ಕೈ ಎಟಕುತ್ತದೆ. ಈ ದೋಣಿಯ ಮೂತಿ ಮೇಲಕ್ಕಿತ್ತು. ಗಾಳೆಪ್ಪನ ಅಕ್ಕ ಗಂಗಕ್ಕ ಒಂದು ಕಾಲಿಟ್ಟಳು, ಎಟಕಲಿಲ್ಲ. ಇನ್ನೊಂದು ಕಾಲನ್ನೂ ಇಟ್ಟಳು.

ಅದೇ ತಪ್ಪಾಯಿತು. ಹೊಳೆಯ ಆಚೆ ನಿಜಾಮನ ಸೀಮೆ. ಆ ವರ್ಷ ಅಲ್ಲಿ ಪ್ಲೇಗು ಎದ್ದಿತ್ತು. ಆಚೆ ದಂಡೆಯಿಂದ ಬಂದ ದೋಣಿಯನ್ನು ಕಡವಿನಲ್ಲೇ ಕಟ್ಟಬೇಕು, ಅದರಲ್ಲಿದ್ದವರ ಕಣ್ಣು ಕಂಕುಳು ನೋಡಬೇಕು, ಬಟ್ಟೆ ಬಿಸಿಲಿಗೆ ಹಾಕಬೇಕು, ಹತ್ತು ದಿನ ಯಾರನ್ನೂ ಊರೊಳಗೆ ಬಿಡಬಾರದು ಎಂದು ಸರಕಾರದ ಹುಕುಂ ಆಗಿತ್ತು. ಹುಕುಂ ನಡೆಸಲು ಬಳ್ಳಾರಿಯಿಂದ ಗುಮಾಸ್ತ ವಾಸುದೇವರಾಯರು ಬಂದಿದ್ದರು. ಗಂಗಕ್ಕ ಎರಡನೇ ಕಾಲನ್ನೂ ದೋಣಿಯೊಳಗಿಟ್ಟು ಒಂದು ಕಡೆ ಕುಂಕುಮ ಹಚ್ಚುವಷ್ಟರಲ್ಲಿ ರಾಯರು ಛತ್ರಿ ಎತ್ತಿ ಕೂಗಿದ್ದರು.

ಗಾಳೆಪ್ಪ ಹೋಗಿ ನೋಡಿದಾಗ ಗಂಗಕ್ಕ ಕಡವಿನ ಪ್ಲೇಗು ಗುಡಿಸಲಿನ ಮುಂದೆ, ಬಿದಿರು ಬೇಲಿಯ ಒಳಗೆ ಕುಂಕುಮದ ಬಟ್ಟಲು ಹಿಡಿದು ಕೂತಿದ್ದಳು.

“ಹುಲಿಗೆಮ್ಮ ಅತ್ಲೇನೋ?” ಎಂದಳು. ಹುಲಿಗೆಮ್ಮ ಅವಳ ಒಬ್ಬಳೇ ಮಗಳು. ಕುರುಗೋಡಿನ ಕೆರೆಯಲ್ಲಿ ಬಲೆ ಹಾಕುವ ಜಡೆಪ್ಪನ ಮಗನಿಗೆ ಮಾತಾಗಿತ್ತು. ಎಲೆ ಅಡಿಕೆ ಬದಲಾಯಿಸುವ ಶಾಸ್ತ್ರಕ್ಕೆಂದು ಜಡೆಪ್ಪ ಸಿರುಗುಪ್ಪದಲ್ಲಿ ನೆಂಟರ ಮನೆಗೆ ಬಂದಿಳಿದಿದ್ದ.

“ಅಳಾಕ ಇನ್ನ ಪುರಸತ್ತಾಗಿಲ್ಲ. ನೀ ಹೊರಗ ಬಾ ಮೊದಲ.”

“ಹೆಂಗ ಬರಲೋ? ಆ ಜಡೆಪ್ಪ ಯಾರರ ಸೀನಿದ್ರ ಬಂಡಿ ತಿರುಗಿಸೋ ಮನಷ್ಯಾ. ಬೀಗ್ತಿ ಪಿಲೇಗು ಗುಡಿಸಲಾಗ ಅದಾಳ ಅಂತ ಕಿವಿಗೆ ಬಿದ್ರ ಮುಗೀತು. ಹುಡುಗಿ ಹೆಸರು ಕೆಡಸಿಬಿಟ್ಟೆ ನಾನು.”

ಗಾಳೆಪ್ಪ ರಾಯರ ಹತ್ತಿರ ಕೈಮುಗಿದು ನಿಂತ. “ಕಾಲಿಟ್ಟಿದ್ದಷ್ಟ ರೀ ಧಣ್ಯಾರ. ಹೊಳಿ ದಾಟಿಲ್ಲ, ಏನಿಲ್ಲ.”

“ಒಂದು ಕಾಲು ಇಟ್ಟಿದ್ರ ಹೆಂಗರ ಮಾಡಿ ಬಿಡತಿದ್ದೆ ನೋಡಪ್ಪಾ,” ಎಂದರು ರಾಯರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಸಂಕಟವಿತ್ತು. “ಎರಡೂ ಇಟ್ಟಾಳ. ನಾಕು ಮಂದಿ ನೋಡ್ಯಾರ. ದೊರೀನ್ನ ಹಿಡದು ಕೂಡಿಸಿ ಇಕೀನ್ನ ಬಿಟ್ರ ನನ್ನ ನೌಕರಿ ಏನಾಗಬೇಕು?”

ದೊರೆ ಮಾತ್ರ ಸುಖವಾಗಿದ್ದ. ದೋಣಿಯ ಮೂಲೆಯಲ್ಲಿ ಕಾಲು ಚಾಚಿ ಗಾಳ ಹಾಕಿ ಕೂತಿದ್ದ. ತನ್ನನ್ನು ತಡೆದದ್ದನ್ನು ಉಪಚಾರವೆಂದು ತಿಳಿದಿದ್ದನೋ ಏನೋ, ರಾಯರು ಇತ್ತ ನೋಡಿದಾಗಲೆಲ್ಲ ಟೋಪಿ ಎತ್ತುತ್ತಿದ್ದ. ರಾಯರಿಗೆ ಅದರಿಂದ ಇನ್ನಷ್ಟು ಹೆದರಿಕೆ.

ಬೇಲಿಯೊಳಗೆ ಇನ್ನೊಬ್ಬನಿದ್ದ. ದೊರೆಯ ಅಡಿಗೆಯವನು, ಸುಂಕಪ್ಪ. ಮೂರು ಕಲ್ಲಿಟ್ಟು ಒಲೆ ಹೂಡಿ ಈರುಳ್ಳಿ ಹೆಚ್ಚುತ್ತಿದ್ದ. ಗಂಗಕ್ಕನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಅಳು ಬಂದರೂ ಮಾತು ಬೇಕು.

“ಯಾವೂರಪ್ಪಾ ನಿಂದು?”

“ಕಂಪ್ಲಿ ಯವ್ವಾ.”

“ಕಂಪ್ಲಿಯಂವ ಆಗಿ, ರೋಗ ಇರೋ ಕಡಿ ಆಚಿ ದಂಡಿಗೆ ಯಾಕ ಹೋಗಿದ್ಯೋ?”

“ನಾ ಯಾವಾಗ ಹೋಗಿದ್ದೆ?”

ಗಂಗಕ್ಕ ತಮ್ಮನ ಮುಖ ನೋಡಿದಳು. ಗಾಳೆಪ್ಪ ಬೇಲಿಗೆ ಮುಖ ಒತ್ತಿದ. “ಮತ್ತ ದೋಣಿ ಬಂದಿದ್ದು ಎಲ್ಲಿಂದಲೇ?”

“ಕಂಪ್ಲಿಯಿಂದ. ನಮ್ಮೂರ ಕಡವಿನಾಗ ಹತ್ತಿದ್ವಿ, ಇಲ್ಲಿ ಇಳದ್ವಿ. ರಾತ್ರಿ ಇದ ದಂಡಿ ಮರಳಿನಾಗ ಮಲಗಿದ್ವಿ.”

“ಅಡ್ಡ ಬರಲಿಲ್ಲ?”

“ಅಡ್ಡ ಯಾಕ ಬರಬೇಕು? ಉದ್ದಕ್ಕ ಬಂದ್ವಿ.”

ಗಾಳೆಪ್ಪನಿಗೆ ನಗು ಬಂತು. ಹುಟ್ಟಿದಾಗಿನಿಂದ ಅವನಿಗೆ ಹೊಳೆಯೆಂದರೆ ಅಡ್ಡ ದಾಟುವುದು. ಈಚೆಯಿಂದ ಆಚೆ, ಆಚೆಯಿಂದ ಈಚೆ. ಉದ್ದಕ್ಕೆ ಬರುವುದು ಪೂರದಲ್ಲಿ ಕಿತ್ತುಬಂದ ಮರ ಮಾತ್ರ. ಕಡವಿನಲ್ಲಿ ನಿಂತ ಯಾರಿಗೂ, ಅಕ್ಕನಿಗಾಗಲಿ ರಾಯರಿಗಾಗಲಿ, ಎಲ್ಲಿಂದ ಬಂದಿರಿ ಎಂದು ಕೇಳಬೇಕೆನಿಸಿರಲಿಲ್ಲ. ದೋಣಿ ಬಂತೆಂದರೆ ಆಚೆಯಿಂದಲೇ ಬಂತು.

ರಾಯರು ಒಪ್ಪಲಿಲ್ಲ. “ನಾನ ಕಣ್ಣಾರೆ ನೋಡೀನಲ್ಲೋ. ಆಚಿ ದಂಡಿ ಕಡಿಂದನ ತಿರುಗಿ ಬಂತು.”

“ಮ್ಯಾಲಕ ಈಚಿ ಕಡಿ ನೀರಾಗ ಬರೇ ಬಂಡೆಗಲ್ಲು ಅದಾವಲ್ರೀ,” ಎಂದ ಸುಂಕಪ್ಪ. “ಅದಕ್ಕ ಆಚಿ ಕಡಿ ಬಳಸಿ ಬಂದ್ವಿ. ದಂಡಿ ಮುಟ್ಟಿಲ್ಲ.”

ಆ ಕಲ್ಲುಗಳು ಗಾಳೆಪ್ಪನಿಗೆ ಗೊತ್ತಿದ್ದವು. ರಾಯರು ಹಣೆ ಒರೆಸಿಕೊಂಡರು. “ಮುಟ್ಟಿಲ್ಲ ಅಂತ ನೀ ಹೇಳಿದ್ರ ಆತೇನು? ಬ್ಯಾರೆ ಯಾರರ ಹೇಳಬೇಕು.”

“ಆಚಿಯವರು ಹೇಳ್ಲಿ. ಕೇಳೋಣ ತಡೀರಿ. ಗಾಳಿ ಬೀಳಲಿ,” ಎಂದ ಗಾಳೆಪ್ಪ.

ಪ್ಲೇಗಿನಿಂದಾಗಿ ಕಡವಿನ ಓಡಾಟ ನಿಂತ ಮೇಲೆ ಎರಡು ದಂಡೆಯ ಅಂಬಿಗರು ಕೂಗಿಯೇ ಮಾತಾಡುತ್ತಿದ್ದರು. ಹೆತ್ತವರ ಸುದ್ದಿ, ಸತ್ತವರ ಸುದ್ದಿ, ಎಲ್ಲ ಸಂಜೆಯ ಹೊತ್ತಿಗೆ ನೀರಿನ ಮೇಲೆ ಹೋಗಿ ಬರುತ್ತಿತ್ತು. ಹಗಲಿನ ಗಾಳಿಯಲ್ಲಿ ಕೂಗು ದಾಟುವುದಿಲ್ಲ.

ಗಾಳಿ ಬೀಳುವ ಮೊದಲೇ ಜಡೆಪ್ಪ ಬಂದ. ದೂರದಲ್ಲಿ ದಿಬ್ಬದ ಮೇಲೆ ನಿಂತ, ಮೂಗಿಗೆ ಹೆಗಲ ಮೇಲಿನ ವಲ್ಲಿಯ ಚುಂಗು ಒತ್ತಿಕೊಂಡು. “ಬೀಗ್ತ್ಯಾರು ಒಳಗ ಅದಾರಂತಲ್ಲ?”

“ಹೌದಪ್ಪಾ, ಅದೀನಿ!” ಎಂದು ಗಂಗಕ್ಕ ಅಲ್ಲಿಂದಲೇ ಕೂಗಿದಳು. “ಇನ್ನೂ ಸತ್ತಿಲ್ಲ. ಸ್ವಲ್ಪ ನಿಲ್ಲು.”

“ನಿಲ್ಲಾಕ ಏನೂ ಇಲ್ರೀ. ನಸುಕಿನಾಗ ಬಂಡಿ ಕಟ್ಟಬೇಕಂತ ಮಾಡೀನಿ.” ಹೇಳಿದನೇ ಹೊರತು ಹೋಗಲಿಲ್ಲ. ಅವನಿಗೂ ನೋಡುವ ಚಪಲವಿತ್ತು.

ಗಾಳಿ ಬಿದ್ದು ದೋಣಿಯ ಬಟ್ಟೆ ಮೆಲ್ಲಗೆ ಜೋತುಬಿತ್ತು. ನೀರಿನ ಮೇಲಿನ ಸುಕ್ಕು ಮಾಯವಾಯಿತು. ಗಾಳೆಪ್ಪ ಮೊಣಕಾಲುದ್ದ ನೀರಿಗಿಳಿದು ಬಾಯಿಗೆ ಎರಡೂ ಕೈ ಹಿಡಿದ.

“ಓ ಹೋ... ಬಟ್ಟಿ ದೋಣೀ... ಅಲ್ಲಿಗೆ ಬಂದಿತ್ತೇನೋ...”

ಏನೂ ಕೇಳಲಿಲ್ಲ. ರಾಯರು ಛತ್ರಿಯ ಹಿಡಿ ಬಿಗಿದು ಹಿಡಿದಿದ್ದರು. ಗಂಗಕ್ಕ ಬಟ್ಟಲನ್ನು ಎದೆಗೆ ಒತ್ತಿಕೊಂಡಿದ್ದಳು. ಗಾಳೆಪ್ಪ ಮತ್ತೆ ಕೂಗಿದ.

ತೆಳ್ಳಗೆ, ಬಹಳ ದೂರದಿಂದ ಬಂತು: “ಬರಲಿಲ್ಲೋ... ಕರದ್ರೂ ಬರಲಿಲ್ಲೋ...” ಅದರ ಹಿಂದೆಯೇ ಒಂದು ಹೆಣ್ಣು ದನಿ, ಸಿಟ್ಟಿನದು: “ಮೊಸರನ್ನ ಹಿಡಕೊಂಡು ನಿಂತಿದ್ವೋ... ನಮ್ಮನ್ನ ಬಿಟ್ಟು ನಿಮ್ಮ ಕಡಿ ಬಂತೋ...”

ಮೊದಲು ನಕ್ಕವಳು ಚನ್ನವೀರಮ್ಮ. ಆಮೇಲೆ ಸುಂಕಪ್ಪ, ಗಾಳೆಪ್ಪ. ರಾಯರು ನಗಲಿಲ್ಲ, ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕೂತು ಉಸಿರು ಬಿಟ್ಟರು. ದೊರೆ ಏನೆಂದು ತಿಳಿಯದೆ ಟೋಪಿ ಎತ್ತಿದ. ಈ ಸಲ ರಾಯರೂ ರುಮಾಲು ಮುಟ್ಟಿಕೊಂಡರು.

“ಹೋಗವಾ ತಾಯಿ, ಹೋಗು,” ಎಂದು ತಾವೇ ಬೇಲಿಯ ಕಟ್ಟು ಬಿಚ್ಚಿದರು. “ಇನ್ನ ಮ್ಯಾಲೆ ಯಾವ ದೋಣಿ ಬರಲಿ, ನನ್ನ ಕೇಳದ ಕಾಲು ಎತ್ತಬ್ಯಾಡ.”

“ನೀವು ಮೊದಲ ದೋಣಿಯವರನ್ನ ‘ಎಲ್ಲಿಂದ ಬಂದ್ರಿ’ ಅಂತ ಕೇಳರಿ, ನಾ ನಿಮ್ಮನ್ನ ಕೇಳತೀನಿ.”

ಗಂಗಕ್ಕ ಮನೆಯ ಕಡೆ ಹೋಗಲಿಲ್ಲ. ನೇರ ನೀರಿಗಿಳಿದಳು. ರಾಯರ ಕೂಗಿಗೆ ಬೆಚ್ಚಿ ಅರ್ಧಕ್ಕೇ ಬಿಟ್ಟಿದ್ದರಿಂದ ದೋಣಿಯ ಮೂತಿಗೆ ಒಂದೇ ಕಡೆ ಕುಂಕುಮ ಹತ್ತಿತ್ತು. ಇನ್ನೊಂದು ಕಡೆ ಬರಿದಾಗಿತ್ತು. ಗಾಳೆಪ್ಪ ಬಂದು ಮೂತಿಯನ್ನು ಕೆಳಕ್ಕೆ ಅದುಮಿ ಹಿಡಿದ.

ದಿಬ್ಬದ ಮೇಲೆ ಜಡೆಪ್ಪ ಮೂಗಿನಿಂದ ವಲ್ಲಿ ಇಳಿಸಿದ. ಗಂಟಲು ಸರಿಮಾಡಿಕೊಂಡ. “ಬೀಗ್ತ್ಯಾರೆ, ಹಂಗಾದ್ರ ನಾಳೆ ಬರ್ತೀವಿ ನಾವು. ಬಿಸಿಲೇರೋದ್ರಾಗ.”

ಗಂಗಕ್ಕ ತಿರುಗಿ ನೋಡಲಿಲ್ಲ. ಬೆರಳು ಒದ್ದೆಯಾಗಿ ಕುಂಕುಮ ದೋಣಿಯ ಬಿಳಿ ಬಣ್ಣದ ಮೇಲೆ ಸಣ್ಣಗೆ ಇಳಿಯುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ತಡೆದು ದುಂಡಗೆ ಮಾಡುತ್ತ, “ಬರ್ರಿ,” ಎಂದಳು.