ಹತ್ತು ನಿಮಿಷದವರು

"ರೈಲಲ್ಲಿ ಹೊರಟಿದ್ರೆ ಇಷ್ಟೊತ್ತಿಗೆ ಕಾಲು ಚಾಚ್ಕೊಂಡು ಎರಡನೇ ನಿದ್ದೆ ಹೊಡೀತಿದ್ದೆ," ಎಂದರು ಟೈಲರ್, ಮೊಣಕಾಲು ಮುಂದಿನ ಸೀಟಿನ ಕಬ್ಬಿಣಕ್ಕೆ ಮತ್ತೊಮ್ಮೆ ಬಡಿದಾಗ.

ಅವರ ಹೆಂಡತಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ರೈಲು ಸುತ್ತಿ ಬಳಸಿ ಹೋಗುತ್ತೆ. ಬೆಳಿಗ್ಗೆ ಐದಕ್ಕೆ ಹತ್ತಿದ್ರೆ ಸಂಜೆ ಐದಕ್ಕೆ ಸಮುದ್ರ. ವ್ಯಾನು ತುಂಬೋವರೆಗೂ ಅಲ್ಲಾಡಲ್ಲ. ಹನ್ನೆರಡು ಸೀಟಿಗೆ ಹದಿನೆಂಟು ಜನ ಕೂತಮೇಲೇ ಆ ಡ್ರೈವರ್‌ಗೆ ಟೀ ಕುಡಿಯೋ ನೆನಪಾಗೋದು. ನೇರ ಬಸ್ಸಿಗೆ ಕಿಟಕಿ ತೆಗೆಯೋಕಾಗಲ್ಲ, ನಿಮಗೆ ವಾಂತಿ. ಉಳಿದಿದ್ದು ಇದು. ಆರೂಕಾಲಕ್ಕೆ ಬೆಟ್ಟದ ಬಸ್ಸು, ಹನ್ನೊಂದು ಇಪ್ಪತ್ತಕ್ಕೆ ಕೂಡುರಸ್ತೆ. ಇಳಿದು ರಸ್ತೆ ದಾಟಿದ್ರೆ ಕರಾವಳಿ ಬಸ್ಸು ನಿಂತಿರುತ್ತೆ, ಹನ್ನೊಂದೂವರೆಗೆ ಹೊರಡುತ್ತೆ. ಮಧ್ಯೆ ಹತ್ತು ನಿಮಿಷ. ಸಾಕಲ್ವಾ?"

"ಸಾಕು ಮಾರಾಯ್ತಿ, ಸಾಕು. ನಾನೇನು ನಿನ್ನ ಕಿಟಕಿ ಮುಂದೆ ಕ್ಯೂ ನಿಂತಿದ್ದೀನಾ?"

ಮುಂದಿನ ಸೀಟಿನವರು ನಕ್ಕರು. ಅವಳಿಗೂ ನಗು ಬಂತು, ಆದರೆ ಬಿಟ್ಟುಕೊಡಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಅವಳು ಬೆಟ್ಟದ ಮೇಲಿನ ಊರಿನ ಬಸ್ ನಿಲ್ದಾಣದಲ್ಲಿ, ತಟ್ಟೆಯಗಲದ ತೂತಿದ್ದ ಗಾಜಿನ ಹಿಂದೆ ಕೂತಿದ್ದಳು. ಮೇಲೆ 'ವಿಚಾರಣೆ' ಅಂತ ಬೋರ್ಡು. ಅದರಿಂದಾಗಿ ಊರಿಗೆಲ್ಲ ಅವಳು ವಿಚಾರಣೆ ಅಕ್ಕ. ಸಮುದ್ರಕ್ಕೆ ಹೊರಟವರನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದಳು. ಹೊಸ ಟೋಪಿ, ಹಳೇ ಚಪ್ಪಲಿ, ಮುಖದ ಮೇಲೆ ರಜೆ. ಅವರಿಗೆ ಅವಳದು ಮೂರೇ ಪ್ರಶ್ನೆ: ಅವಸರ ಇದೆಯಾ, ಸೊಂಟ ನೋವಿದೆಯಾ, ಚಿಕ್ಕ ಮಕ್ಕಳಿದ್ದಾರಾ? ಉತ್ತರ ಕೇಳಿಕೊಂಡು ಡಾಕ್ಟರ್ ಔಷಧಿ ಬರೆದ ಹಾಗೆ ರೈಲೋ ವ್ಯಾನೋ ಬಸ್ಸೋ ಅಂತ ಹೇಳಿ ಕಳಿಸುತ್ತಿದ್ದಳು. ಗಟ್ಟಿಮುಟ್ಟಾಗಿರುವವರಿಗೆಲ್ಲ ಬೆಟ್ಟದ ಬಸ್ಸು, ಕೂಡುರಸ್ತೆ, ಹತ್ತು ನಿಮಿಷ.

ಅವಳು ಮಾತ್ರ ಸಮುದ್ರ ನೋಡಿರಲಿಲ್ಲ. ಜನ ಊರು ಬಿಡುವ ದಿನಗಳಲ್ಲೇ ವಿಚಾರಣೆ ಕಿಟಕಿ ಮುಚ್ಚುವ ಹಾಗಿರಲಿಲ್ಲ. ಜನ ಇಲ್ಲದ ದಿನಗಳಲ್ಲಿ ಗಂಡನ ಅಂಗಡಿಯಲ್ಲಿ ಯಾರದ್ದಾದರೂ ಮದುವೆಯ ಬಟ್ಟೆ ಅರ್ಧ ಹೊಲಿದು ಬಿದ್ದಿರುತ್ತಿತ್ತು.

ಈ ಸಲ ಹೊರಡಿಸಿದವಳು ಮಗಳು. ಆರು ತಿಂಗಳು ತರಬೇತಿ ಮುಗಿಸಿ, ಕೆಳಗಿನ ಡಿಪೋದಲ್ಲಿ ಬಸ್ ಡ್ರೈವರ್ ಆಗಿ ಸೇರಿದ್ದಳು. ಮೊದಲ ಸಲ ಒಬ್ಬಳೇ ಬಸ್ಸು ತೆಗೆದುಕೊಂಡು ಹೋಗುವ ದಿನ ಗೊತ್ತಾದ ಕೂಡಲೇ ಫೋನು ಮಾಡಿದ್ದಳು. "ಅಮ್ಮ, ಯಾವ ಬಸ್ಸು ಕೊಟ್ಟಿದ್ದಾರೆ ಹೇಳು ನೋಡೋಣ? ಹನ್ನೊಂದೂವರೆದು! ನೀನು ಊರಿನವರನ್ನೆಲ್ಲ ಹತ್ತಿಸಿದ್ದೀಯಲ್ಲ, ಅದೇ. ಮೊದಲನೇ ಸೀಟಲ್ಲಿ ನೀನೇ ಕೂರಬೇಕು. ಆದ್ರೆ ಒಂದು ನಿಮಿಷನೂ ಕಾಯಲ್ಲ, ಆಮೇಲೆ ಬೈಕೋಬೇಡ."

"ಕಾದ್ರೆ ಬೈತೀನಿ," ಎಂದಿದ್ದಳು ಅಮ್ಮ.

ಬಸ್ಸು ಕೊನೆಯ ತಿರುವು ಇಳಿಯಿತು. ಗಾಳಿ ಒಮ್ಮೆಲೇ ಬೆಚ್ಚಗಾಗಿ, ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟಿತು. ತೆಂಗಿನ ಮರಗಳು ರಸ್ತೆಯ ಮೇಲೆ ಬಗ್ಗಿದ್ದವು. ಟೈಲರ್ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಹನ್ನೊಂದು ಇಪ್ಪತ್ತಕ್ಕೆ ಸರಿಯಾಗಿ ಕಂಡಕ್ಟರ್ "ಕೂಡುರಸ್ತೆ!" ಎಂದು ಕೂಗಿದ. ಅವಳು ಗಡಿಯಾರವನ್ನು ಗಂಡನ ಮೂಗಿಗೆ ಹಿಡಿದು ತೋರಿಸಿ, ಇಳಿದು, ಚೀಲ ಹೆಗಲಿಗೇರಿಸಿ, ಬಿರಬಿರನೆ ರಸ್ತೆ ದಾಟಿದಳು.

ರಸ್ತೆಯಾಚೆ ಒಂದು ಟೈರ್ ಪಂಕ್ಚರ್ ಅಂಗಡಿ ಇತ್ತು. ಅದರ ಮುಂದೆ ಒಂದು ಮೇಕೆ ಇತ್ತು. ಬಸ್ಸು ಇರಲಿಲ್ಲ.

"ಈ ಮೇಕೆ ಎಷ್ಟೊತ್ತಿಗೆ ಹೊರಡುತ್ತೆ ಕೇಳು," ಎಂದರು ಟೈಲರ್.

"ಸುಮ್ನಿರ್ರೀ." ಅವಳು ಪಂಕ್ಚರ್ ಅಂಗಡಿಯವನನ್ನು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮರದ ನೆರಳಿನಿಂದ ಒಂದು ಹಳೇ ಆಟೋ ಬುರ್ರೆಂದು ಬಂದು ಪಕ್ಕದಲ್ಲಿ ನಿಂತಿತು. ಒಳಗೆ ಅರವತ್ತು ದಾಟಿದ ಮನುಷ್ಯ, ಕುತ್ತಿಗೆಗೆ ಟವೆಲ್ಲು.

"ಹತ್ತು ನಿಮಿಷದವರು ತಾನೇ? ಹತ್ತಿ, ಹತ್ತಿ! ಒಂದು ನಿಮಿಷ ಆಗ್ಲೇ ಹೋಯ್ತು."

"ಏನು?"

"ಮಾತು ಆಮೇಲೆ ತಾಯಿ, ಮೊದಲು ಕೂತ್ಕೊಳ್ಳಿ. ಯಜಮಾನ್ರೇ, ಕಾಲು ಒಳಗೆ."

ಆಟೋ ಹಾರಿಕೊಂಡು ಹೊರಟಿತು. ಮುದುಕ ಮುಂದೆ ನೋಡುವುದಕ್ಕಿಂತ ಹಿಂದೆ ತಿರುಗಿ ಮಾತಾಡಿದ್ದೇ ಹೆಚ್ಚು. "ಕರಾವಳಿ ಬಸ್ ಸ್ಟ್ಯಾಂಡ್ ಇಲ್ಲಿಂದ ಎರಡು ಮೈಲಿ. ರೈಲ್ವೆ ಗೇಟಿನ ಆ ಕಡೆ. ಟೈಮ್‌ಟೇಬಲ್ ಪುಸ್ತಕದಲ್ಲಿ ಇದೂ ಕೂಡುರಸ್ತೆ, ಅದೂ ಕೂಡುರಸ್ತೆ. ಮೇಲಿನೂರಿನ ಕಿಟಕೀಲಿ ಯಾರೋ ಒಬ್ಬ ಮಹಾತಾಯಿ ಕೂತಿದ್ದಾಳೆ. ಬಂದೋರಿಗೆಲ್ಲ 'ರಸ್ತೆ ದಾಟಿ, ಅಲ್ಲೇ ನಿಂತಿರುತ್ತೆ' ಅಂತ ಹೇಳಿ ಕಳಿಸ್ತಾಳೆ. ಎಷ್ಟು ವರ್ಷದಿಂದ! ಪಾಪ, ಇಳಿದೋರು ಮೇಕೆ ಮುಖ ನೋಡ್ಕೊಂಡು ನಿಂತಿರ್ತಾರೆ."

ಟೈಲರ್‌ಗೆ ಕೆಮ್ಮು ಬಂತು. ಕೆಮ್ಮಿನ ವೇಷ ಹಾಕಿಕೊಂಡ ನಗು ಅದು. ಹೆಂಡತಿ ಅವರ ತೊಡೆ ಚಿವುಟಿದಳು. ಅವಳ ಕಿವಿ ಕೆಂಪಾಗಿತ್ತು. ಪುಸ್ತಕದಲ್ಲಿ ಇದ್ದದ್ದು ಎರಡು ಬಸ್ಸಿನ ಹೊತ್ತು, ಒಂದೇ ಊರಿನ ಹೆಸರು. 'ರಸ್ತೆ ದಾಟಿ' ಅನ್ನುವುದು ಅವಳದೇ ಸೇರ್ಪಡೆ. ಯಾವುದೋ ಕಾಲದಲ್ಲಿ, ಕೈಗೂಸು ಎತ್ತಿಕೊಂಡು ಗಾಬರಿಯಾಗಿದ್ದ ಹೆಂಗಸೊಬ್ಬಳಿಗೆ ಧೈರ್ಯ ಬರಲಿ ಎಂದು ಬಾಯಿಗೆ ಬಂದದ್ದು. ಒಮ್ಮೆ ಹೇಳಿದ ಮೇಲೆ ಅವಳಿಗೇ ಅದು ಕಣ್ಣಿಗೆ ಕಟ್ಟಿತ್ತು: ರಸ್ತೆ, ಆಚೆ ಒಂದು ಮರ, ಮರದ ಕೆಳಗೆ ಬಸ್ಸು. ಯಾರೂ ವಾಪಸ್ ಬಂದು ತಪ್ಪು ಅಂದಿರಲಿಲ್ಲ. ಸಮುದ್ರಕ್ಕೆ ಹೋಗಿಬಂದವರು ವಿಚಾರಣೆ ಕಿಟಕಿಗೆ ಯಾಕೆ ಬರುತ್ತಾರೆ, ನೇರ ಮನೆಗೆ ಹೋಗಿ ಮಲಗುತ್ತಾರೆ.

"ಬಸ್ಸು... ಎಷ್ಟು ಜನಕ್ಕೆ ತಪ್ಪಿದೆ?" ಎಂದು ಕೇಳಿದಳು, ಸಣ್ಣ ದನಿಯಲ್ಲಿ.

"ನನ್ನ ಗಾಡಿ ಹತ್ತಿದೋರಿಗಾ? ಯಾರಿಗೂ ಇಲ್ಲ! ನನಗೂ ಹಳೇ ಡ್ರೈವರ್‌ಗೂ ಒಪ್ಪಂದ. ಗೇಟು ದಾಟಿದ ತಕ್ಷಣ ನಾನು ಮೂರು ಹಾರ್ನ್ ಹೊಡೆದ್ರೆ ಹತ್ತು ನಿಮಿಷದವರು ಬರ್ತಿದ್ದಾರೆ ಅಂತ ಅರ್ಥ. ಅವನು ಟೈರು ಒದ್ದು ನೋಡೋ ಹಾಗೆ ಮಾಡ್ಕೊಂಡು ಕಾಯ್ತಿದ್ದ. ಆದ್ರೆ ಅವನದು ನಿನ್ನೆಗೆ ಮುಗೀತು, ರಿಟೈರ್. ಇವತ್ತಿಂದ ಯಾರೋ ಹೊಸ ಹುಡುಗಿಯಂತೆ. ಹೊಸಬರು ಗೊತ್ತಲ್ಲ, ಎದೆ ಡವಡವ ಅಂತಿರುತ್ತೆ, ಕಣ್ಣು ಗಡಿಯಾರದ ಮೇಲೇ."

ಗಂಡ ಹೆಂಡತಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಅಷ್ಟರಲ್ಲಿ ಮುಂದೆ ಗಂಟೆ ಮೊಳಗಿತು. ಕೆಂಪು ಬಿಳಿ ಪಟ್ಟೆಯ ಗೇಟು ನಿಧಾನವಾಗಿ, ಬೇಕೆಂದೇ ಎನ್ನುವ ಹಾಗೆ ಇಳಿದು ಅವರ ಮೂಗಿನ ಮುಂದೆ ಮುಚ್ಚಿಕೊಂಡಿತು. ಹನ್ನೊಂದು ಇಪ್ಪತ್ತಾರು.

ಗೂಡ್ಸ್ ರೈಲು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ಟೈಲರ್ ಫೋನು ಹೊರತೆಗೆದರು. "ಅವಳಿಗೆ ಒಂದು ಮಾತು ಹೇಳಿಬಿಡ್ತೀನಿ. ಎರಡು ನಿಮಿಷ ನಿಲ್ಲು ಅಂತ."

ಅವಳು ಫೋನನ್ನು ಕಿತ್ತುಕೊಂಡು ಚೀಲದ ತಳಕ್ಕೆ ಹಾಕಿದಳು. "ಸ್ಟೀರಿಂಗ್ ಮುಂದೆ ಕೂತಿರೋಳಿಗೆ ಫೋನ್ ಮಾಡ್ತೀರಾ? ಮೊದಲನೇ ದಿನ?"

"ಹಾಗಾದ್ರೆ ಬಸ್ಸು ತಪ್ಪುತ್ತೆ ಕಣೇ! ಇದಕ್ಕೋಸ್ಕರ ತಾನೇ ಬಂದಿದ್ದು?"

ಅವಳು ರೈಲಿನ ಕಡೆ ತಿರುಗಿದಳು. ಡಬ್ಬಿಗಳು ಒಂದೊಂದಾಗಿ ದಾಟುತ್ತಿದ್ದವು. ಒಂದು ಡಬ್ಬಿಗೆ 'ಕಾಯಲಿ' ಅನ್ನುತ್ತಿದ್ದಳು, ಮನಸ್ಸಿನಲ್ಲೇ. ಮುಂದಿನ ಡಬ್ಬಿಗೆ 'ಕಾಯಬಾರದು' ಅನ್ನುತ್ತಿದ್ದಳು. ಮಗಳು ಆರು ವರ್ಷದವಳಿದ್ದಾಗ ಶಾಲೆ ಬಿಟ್ಟಮೇಲೆ ವಿಚಾರಣೆ ಕಿಟಕಿಯ ಹಿಂದೆ ಅಮ್ಮನ ಕಾಲ ಬಳಿ ಕೂತು, ಹೊರಡುವ ಪ್ರತಿ ಬಸ್ಸಿಗೂ ಗಡಿಯಾರ ನೋಡಿ "ಎರಡು ನಿಮಿಷ ಲೇಟು!" ಎಂದು ತೀರ್ಪು ಕೊಡುತ್ತಿದ್ದಳು. ಡ್ರೈವರುಗಳು ಆ ಪುಟ್ಟ ಸಾಹೇಬರಿಗೆ ಹೆದರುತ್ತಿದ್ದರು.

ಗೇಟು ಎದ್ದಾಗ ಹನ್ನೊಂದು ಮೂವತ್ಮೂರು. ಮುದುಕ ಅಭ್ಯಾಸಬಲದಿಂದ ಮೂರು ಹಾರ್ನ್ ಹೊಡೆದ. ಸ್ಟ್ಯಾಂಡಿಗೆ ಬಂದಾಗ ಕರಾವಳಿ ಬಸ್ಸಿನ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಕಂಟ್ರೋಲರ್ ಸ್ಟೂಲಿನ ಮೇಲೆ ಕೂತು ಪೇಪರ್‌ನಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಆಟೋ ನಿಲ್ಲುವ ಮೊದಲೇ ಅವಳು ಇಳಿದು ಅವನ ಮುಂದೆ ನಿಂತಳು.

"ಹನ್ನೊಂದೂವರೆ ಬಸ್ಸು ಎಷ್ಟೊತ್ತಿಗೆ ಹೊರಡ್ತು?"

ಅವನು ವಿಚಿತ್ರವಾಗಿ ನೋಡಿದ. "ಹನ್ನೊಂದೂವರೆಗೆ."

"ಸರಿಯಾಗಿ?"

"ಅಮ್ಮಾ, ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು, ಇಷ್ಟು ಸರಿಯಾಗಿ ಯಾರೂ ಹೊರಟಿದ್ದು ನೋಡಿಲ್ಲ. ಇನ್ನೂ ಒಂದು ವಿಸಿಲ್ ಹೊಡೆಯೋಣ ಅಂತ ನಾನು ಬಾಯಿಗೆ ಇಟ್ಕೊಳ್ಳೋ ಅಷ್ಟರಲ್ಲಿ ಸ್ಟ್ಯಾಂಡಿನ ಗೇಟು ದಾಟಿಬಿಟ್ಲು. ಬೆಣ್ಣೇಲಿ ಕೂದಲು ತೆಗೆದ ಹಾಗೆ ತೆಗೆದ್ಲು ಬಸ್ಸನ್ನ."

ಅವಳು ಗಂಡನ ಕಡೆ ತಿರುಗಿದಳು. ಬಸ್ಸು ತಪ್ಪಿದ ಹೆಂಗಸಿನ ಮುಖವಾಗಿರಲಿಲ್ಲ ಅದು. "ಕೇಳಿದ್ರಾ? ಕೇಳಿದ್ರೇನ್ರೀ?" ಎನ್ನುತ್ತ ಅತ್ತಳು, ನಕ್ಕಳು, ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಟೈಲರ್ ಬೇರೆ ಕಡೆ ನೋಡುತ್ತ, ಇಲ್ಲದ ದಾರವೊಂದನ್ನು ತೋಳಿನಿಂದ ಕಿತ್ತರು.

ಮುದುಕನಿಗೆ ಈಗ ಹೊಳೆಯಿತು. "ಆ ಹುಡುಗಿ ನಿಮ್ಮ..."

"ಮಗಳು," ಎಂದರು ಟೈಲರ್. "ಮತ್ತೆ ನಿಮ್ಮ ಮಹಾತಾಯಿ ಇವಳೇ."

ಮುದುಕ ಕುತ್ತಿಗೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವಳನ್ನು ಮೇಲಿಂದ ಕೆಳಗೆ ನೋಡಿದ. "ಅಯ್ಯೋ! ನಾನು ಇನ್ನೂ ದಪ್ಪಗಿರ್ತೀರಿ ಅಂದ್ಕೊಂಡಿದ್ದೆ." ಆಮೇಲೆ ಒಮ್ಮೆಗೇ ಜೋರಾಗಿ, "ಇನ್ನೂ ಯಾಕೆ ನಿಂತಿದ್ದೀರಿ? ಹತ್ತಿ! ಬಸ್ಸು ಮಾರ್ಕೆಟ್ಟು, ಆಸ್ಪತ್ರೆ, ಹಳೇ ಬಂದರು ಎಲ್ಲ ಸುತ್ತಿ ಸೇತುವೆಗೆ ಬರಬೇಕು. ನಾವು ಉಪ್ಪಿನ ಗದ್ದೆ ಮಧ್ಯೆ ಹೋದ್ರೆ ಮೊದಲು ಮುಟ್ತೀವಿ."

ಉಪ್ಪಿನ ಗದ್ದೆಗಳ ನಡುವಿನ ಏರಿ ಆಟೋದಷ್ಟೇ ಅಗಲವಾಗಿತ್ತು. ಎರಡೂ ಕಡೆ ನೀರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಬಿಳಿ ಉಪ್ಪಿನ ಗುಡ್ಡೆಗಳು ಸಾಲಾಗಿ ಕೂತಿದ್ದವು. ಟೈಲರ್ ಕಣ್ಣು ಮುಚ್ಚಿಕೊಂಡು, "ರೈಲು, ರೈಲು," ಎಂದು ಜಪಿಸಿದರು.

"ನೋಡಿ ಯಜಮಾನ್ರೇ," ಎಂದಳು ಅವಳು ಮುದುಕನಿಗೆ, ಕಂಬಿ ಗಟ್ಟಿಯಾಗಿ ಹಿಡಿದು. "ನಾಳಿದ್ದು ಹೋಗಿ ಕೂತ ತಕ್ಷಣ ಸರಿಮಾಡ್ತೀನಿ. ಎರಡು ಮೈಲಿ, ಮಧ್ಯೆ ಗೇಟು ಅಂತ ಎಲ್ಲರಿಗೂ ಹೇಳ್ತೀನಿ."

ಆಟೋ ಅಡ್ಡಾದಿಡ್ಡಿಯಾಯಿತು. "ಬೇಡ ತಾಯಿ! ಹಾಗಂದ್ರೆ ಜನ ಹೆದರಿ ರೈಲು ಹತ್ತಿಬಿಡ್ತಾರೆ. ನನ್ನ ಮಗಳು ಈ ಗಾಡಿ ಸಂಪಾದನೆ ಮೇಲೇ ನರ್ಸ್ ಆದ್ಲು. ಇಷ್ಟೇ ಹೇಳಿ: ಮೇಕೆ ಹತ್ರ ನಿಂತ್ಕೊಳ್ಳಿ, ಒಬ್ಬ ಮುದುಕ ಬರ್ತಾನೆ."

"ಮೇಕೆ ಯಾವಾಗಲೂ ಇರುತ್ತಾ?"

"ಇರೋ ಹಾಗೆ ನೋಡ್ಕೋತೀನಿ."

"ಸರಿ, ನಿಮ್ಮ ವಿಷಯ ಹೇಳ್ತೀನಿ. ಎರಡು ಮೈಲೀನೂ ಹೇಳ್ತೀನಿ," ಎಂದಳು ಅವಳು. "ಗೇಟು ಮುಚ್ಚಿದ್ರೆ ನೀವೇನು ಮಾಡ್ತೀರಿ, ಅದಕ್ಕೂ ಉತ್ತರ ಬೇಕಲ್ಲ ನನಗೆ."

"ಮಗಳಿಗೆ ಒಂದು ಮಾತು ಹೇಳಿ. ಮೂರು ಹಾರ್ನ್, ಎರಡು ನಿಮಿಷ. ಅಷ್ಟೇ."

"ಅದು ನಾನು ಹೇಳೋದಲ್ಲ. ಬಸ್ಸು ಅವಳದು. ನೀವೇ ಕೇಳ್ಕೊಳ್ಳಿ, ಆದ್ರೆ ಹುಷಾರು, ಬೈತಾಳೆ."

ಸೇತುವೆಯ ಬಳಿಯ ಸ್ಟಾಪಿನಲ್ಲಿ ನೆರಳಿರಲಿಲ್ಲ. ಒಂದು ಕಂಬ, ಅದರ ಮೇಲೆ ಬಣ್ಣ ಹೋದ ಬಸ್ಸಿನ ಚಿತ್ರ. ಬಾಡಿಗೆ ಕೊಡಲು ಹೋದರೆ ಮುದುಕ ಅರ್ಧ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಟೈಲರ್ ಜೇಬಿಗೆ ತುರುಕಿದ. ಮೂವರೂ ರಸ್ತೆಯ ತುದಿಯನ್ನೇ ನೋಡುತ್ತ ನಿಂತರು. ಬೆವರು ಇಳಿಯುತ್ತಿತ್ತು. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡಳು, ಮತ್ತೆ ಸರಿಮಾಡಿಕೊಂಡಳು, ಸಂದರ್ಶನಕ್ಕೆ ಬಂದವಳ ಹಾಗೆ.

ಬಸ್ಸು ಕಂಡಿತು. ದೂರದಲ್ಲಿ ಮೊದಲು ಹಸಿರು ಚುಕ್ಕೆ, ಆಮೇಲೆ ಗಾಜು, ಗಾಜಿನ ಹಿಂದೆ ದೊಡ್ಡ ಚಕ್ರ, ಚಕ್ರದ ಹಿಂದೆ ಬಿಗಿಯಾಗಿ ಕಟ್ಟಿದ ಜಡೆಯ, ತುಟಿ ಕಚ್ಚಿಕೊಂಡ ಒಂದು ಮುಖ. ಅವಳು ಕೈ ಎತ್ತಿದಳು. ಎತ್ತುವಾಗ ಅನ್ನಿಸಿತು, ಬಸ್ಸೊಂದಕ್ಕೆ ಕೈ ಅಡ್ಡ ಹಿಡಿಯದೆ ಎಷ್ಟು ವರ್ಷವಾಯಿತು ಎಂದು.

ಬಸ್ಸು ಒಂದು ಕುಲುಕಾಟವೂ ಇಲ್ಲದೆ ಅವಳ ಕಾಲಿನ ಮುಂದೆ ಬಾಗಿಲು ತಂದು ನಿಲ್ಲಿಸಿತು. ಮಗಳು ತಿರುಗಿ ನೋಡಿದಳು. ಕಣ್ಣುಗಳು ಅಗಲವಾದವು. ಆದರೆ ಕೈ ಚಕ್ರ ಬಿಡಲಿಲ್ಲ. ಒಳಗೆ ನಲವತ್ತು ಜನ ಕೂತಿದ್ದರು.

"ಎಲ್ಲಿಗೆ ಹೋಗ್ಬೇಕಮ್ಮ?" ಎಂದು ಕೇಳಿದಳು, ಡ್ಯೂಟಿಯ ದನಿಯಲ್ಲಿ.

ವಿಚಾರಣೆ ಅಕ್ಕ ಬಾಯಿ ತೆರೆದಳು. ಎಲ್ಲರಿಗೂ ಎಲ್ಲ ದಾರಿ ಹೇಳಿದವಳಿಗೆ ಒಂದು ಕ್ಷಣ ಏನೂ ತೋಚಲಿಲ್ಲ.

"ಈ ಬಸ್ಸು ಎಲ್ಲಿಗೆ ಹೋಗುತ್ತೋ ಅಲ್ಲಿಗೆ."

"ಹತ್ತಿ ಬೇಗ. ಅಪ್ಪ, ನೀನೂ. ನಾಲ್ಕು ಸೆಕೆಂಡ್ ಆಯ್ತು."

ಮೊದಲನೇ ಸೀಟಿನ ಮೇಲೆ ಯಾರೂ ಕೂರದಿರಲೆಂದು ಒಂದು ಊಟದ ಡಬ್ಬಿ ಇಟ್ಟಿತ್ತು. ಅವಳು ಅದನ್ನು ಮಡಿಲಿಗೆ ತೆಗೆದುಕೊಂಡು ಕೂತಳು. ಬಸ್ಸು ಸೇತುವೆ ದಾಟಿ ಎಡಕ್ಕೆ ಹೊರಳಿತು. ರಸ್ತೆಯ ಪಕ್ಕ ಒಮ್ಮೆಲೇ ಮನೆ ಮರ ಎಲ್ಲ ಮುಗಿದು, ಕಣ್ಣಲ್ಲಿ ಹಿಡಿಸಲಾರದಷ್ಟು ನೀಲಿ ಶುರುವಾಯಿತು. ಹಿಂದಿನ ಸೀಟಿನವರು ತೂಕಡಿಸುತ್ತಿದ್ದರು. ಕಲ್ಲುಗೋಡೆಗೆ ಅಲೆಯೊಂದು ಬಡಿದು ಎದ್ದು, ಮುಂಗಾಜಿನ ತುಂಬ ಹನಿ ಎರಚಿತು. ಮಗಳು ಕಣ್ಣು ಕದಲಿಸದೆ ಒಂದು ಗುಂಡಿ ಒತ್ತಿದಳು. ಸುಡುಬಿಸಿಲಿನಲ್ಲಿ ವೈಪರ್ ಒಂದೇ ಸಲ ಈ ತುದಿಯಿಂದ ಆ ತುದಿಗೆ ಹೋಗಿ, ಬಂದು, ಮಲಗಿತು.