ನೀಲಿ ಬರ್ಗರ್, ಕಿತ್ತಳೆ ಬರ್ಗರ್, ನಡುವೆ ನಮ್ಮಕ್ಕ

ನನ್ನ ನಾಲಿಗೆಯ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತಿದ್ದೇನೆ. ಕಣ್ಣು ಕಟ್ಟಿ ಒಂದು ತುಂಡು ಫ್ರೈಸ್ ಬಾಯಿಗಿಟ್ಟರೆ ಸಾಕು, ಆಲೂಗೆಡ್ಡೆ ಯಾವ ಹೊಲದ್ದು, ಎಣ್ಣೆ ಎಷ್ಟನೇ ಸಲ ಕಾದದ್ದು, ಕರಿದವನು ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಡಿ ಬಂದಿದ್ದನೋ ಇಲ್ಲವೋ, ಎಲ್ಲವನ್ನೂ ಹೇಳಬಲ್ಲೆ. ಹೊಟ್ಟೆಪಾಡಿಗೆ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುತ್ತೇನೆ. ಅಲ್ಲಿಯೂ ನನ್ನ ಕಣ್ಣಿಗೆ ಸಾಟಿಯಿಲ್ಲ, ಅದು ಬೇರೆ ಕತೆ.

ಇಂಥ ನಾಲಿಗೆ ಮನೆಯಲ್ಲೇ ಇರುವಾಗ ಅಕ್ಕ ಮುಖ ಸಣ್ಣದು ಮಾಡಿಕೊಂಡು ಕೂತದ್ದು ನನಗೆ ಅವಮಾನವೆನಿಸಿತು.

ಅಕ್ಕ ಗಣಿತದ ಟೀಚರಾಗಿದ್ದವಳು. ಪರೀಕ್ಷೆಯ ಕೋಣೆಯಲ್ಲಿ ಅವಳು ನಿಂತರೆ ಗೋಡೆಯ ಮೇಲಿನ ಹಲ್ಲಿ ಕೂಡ ಪಕ್ಕದ ಹಲ್ಲಿಯ ಕಡೆ ತಿರುಗುತ್ತಿರಲಿಲ್ಲ. ಅಂಥವಳು ಕೆಲಸ ಬಿಟ್ಟು, ಬೇಕರಿಯಲ್ಲಿ ದುಡಿಯುತ್ತಿದ್ದ ಭಾವನನ್ನೂ ಎಳೆದುಕೊಂಡು ಬಂದು ಬರ್ಗರ್ ಅಂಗಡಿ ತೆರೆದಳು. ತೆರೆದದ್ದಾದರೂ ಎಲ್ಲಿ? ಎಡಕ್ಕೆ ನೀಲಿ ಬೋರ್ಡಿನ ದೊಡ್ಡ ಕಂಪನಿ, ಬಲಕ್ಕೆ ಕಿತ್ತಳೆ ಬೋರ್ಡಿನ ಇನ್ನೂ ದೊಡ್ಡ ಕಂಪನಿ. ಊರೂರಿಗೂ ಅವುಗಳ ಶಾಖೆಗಳಿವೆ, ಚಂದ್ರನ ಮೇಲೆ ಮೂಲೆ ಸೈಟು ನೋಡಿಟ್ಟಿದ್ದರೂ ನನಗೆ ಆಶ್ಚರ್ಯವಿಲ್ಲ. ಆ ಎರಡರ ಮಧ್ಯೆ, ಬಸ್ಸಿನಲ್ಲಿ ಇಬ್ಬರು ಪೈಲ್ವಾನರ ನಡುವೆ ಸಿಕ್ಕಿಕೊಂಡವನ ಹಾಗೆ, ನಾಲ್ಕು ಮೇಜುಗಳ ಅಕ್ಕನ ಅಂಗಡಿ.

"ರುಚಿ ಇಲ್ವಾ, ಹೇಳ್ಬಿಡು," ಎಂದಳು ಅಕ್ಕ. "ಒಂದ್ಸಲ ಬಂದೋರು ಇನ್ನೊಂದ್ಸಲ ಬರಲ್ಲ ಕಣೋ. ವಾಪಸ್ ಸ್ಕೂಲಿಗೆ ಬರ್ತೀಯಾ ಇಲ್ವಾ, ಈ ಶನಿವಾರದೊಳಗೆ ಹೇಳು ಅಂದಿದ್ದಾರೆ ಹೆಡ್‌ಮಿಸ್. ಆಮೇಲೆ ಬೇರೆಯವರನ್ನ ತಗೋತಾರಂತೆ. ಅಂಗಡಿ ಮುಚ್ಚೋದಾದ್ರೆ ಮುಚ್ಚೋಣ. ಆದ್ರೆ ಯಾಕೆ ಅಂತ ಗೊತ್ತಾಗ್ದೆ ಹೇಗೋ ಮುಚ್ಚಲಿ?"

"ನಾನಿದ್ದೀನಲ್ಲ ಅಕ್ಕ," ಎಂದೆ.

"ಅದೇ ಭಯ," ಎಂದರು ಭಾವ. ವಾರಕ್ಕೆ ಎರಡು ಮಾತಾಡುವ ಮನುಷ್ಯ. ಒಂದು ಅಲ್ಲಿಗೆ ಖರ್ಚಾಯಿತು.

ಮರುದಿನ ಮಧ್ಯಾಹ್ನ ಮೂರೂ ಅಂಗಡಿಗಳ ಬರ್ಗರ್ ಕಟ್ಟಿಸಿಕೊಂಡು ನಮ್ಮ ಪೇಂಟ್ ಅಂಗಡಿಯ ಗೋದಾಮಿಗೆ ಹೋದೆ. ಕಾಗದ ಬಿಚ್ಚಿ, ಎಲ್ಲವನ್ನೂ ತುಂಡು ಮಾಡಿ, ಯಾವುದು ಯಾರದು ಎಂದು ಹೇಳದೆ ತಟ್ಟೆಗಳಲ್ಲಿಟ್ಟೆ. ಮೊದಲ ರುಚಿ ನನ್ನದೇ. ನೀಲಿಯವರ ಬನ್ ದಿಂಬಿನಷ್ಟು ಮೆತ್ತಗೆ, ಅದರ ಮೇಲೆ ತಲೆಯಿಟ್ಟು ನಿದ್ದೆ ಮಾಡಬಹುದು. ಒಳಗಿನ ಪ್ಯಾಟಿ ಎಷ್ಟು ತೆಳುವೆಂದರೆ ಆಚೆ ಬದಿಯ ಪೇಪರ್ ಓದಬಹುದು. ಫ್ರೈಸ್ ಮಾತ್ರ, ಶತ್ರುವಾದರೂ ಹೇಳಲೇಬೇಕು, ಗರಿಗರಿಯಾಗಿತ್ತು. ಕಿತ್ತಳೆಯವರದು ದಪ್ಪ ಪ್ಯಾಟಿ, ಹುರಿದ ಈರುಳ್ಳಿ, ಕೆಳಗೆ ಸಿಹಿ ಸಾಸಿನ ಕೆರೆ. ಮೊದಲ ತುತ್ತಿಗೆ ಮದುವೆಮನೆಯ ಸಡಗರ, ನಾಲ್ಕನೆಯದಕ್ಕೆ ಸಾಕಪ್ಪಾ ಸಾಕು. ಅವರ ಚೀಸಿನ ಹಳದಿಯನ್ನು ನಾವು ಮನೆಯ ಹೊರಗೋಡೆಗೆ ಮಾತ್ರ ಕೊಡುತ್ತೇವೆ, ಬಿಸಿಲು ಮಳೆಗೆ ಜಗ್ಗದ ಬಣ್ಣ ಅದು.

ಅಕ್ಕನದು? ಬನ್ನಿನ ಅಂಚು ಸ್ವಲ್ಪ ಸೀದು ಗರಿಯಾಗಿತ್ತು. ಪ್ಯಾಟಿಯಲ್ಲಿ ಕಾಳುಮೆಣಸು ತಡವಾಗಿ ಬಂದು ಗಂಟಲು ತಟ್ಟಿತು. ಗೋದಾಮಿನ ಹಮಾಲಿ, ಲೆಕ್ಕ ಬರೆಯುವ ಮೇಡಂ, ಯಾವಾಗಲೂ ಸಿಡುಕುವ ನಮ್ಮ ಮಾಲೀಕರು, ಎಲ್ಲರ ಕೈಯೂ ಎರಡನೇ ಸಲ ಅದೇ ತಟ್ಟೆಗೆ ಹೋಯಿತು.

"ಇದ್ಯಾವ ಅಂಗಡೀದು ಗುರು?" ಎಂದ ಹಮಾಲಿ, ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡು. "ಬಣ್ಣದ ಡಬ್ಬ ಹೊರೋ ಜನ್ಮದಲ್ಲಿ ಇಂಥದ್ದು ತಿಂದಿಲ್ಲ."

ನನ್ನ ತಲೆ ಗಿರ್ರೆಂದಿತು. ರುಚಿಯಲ್ಲಿ ಗೆದ್ದ ಅಂಗಡಿಯಲ್ಲಿ ನೊಣವೂ ಕೂರುತ್ತಿಲ್ಲ, ಸೋತ ಎರಡರಲ್ಲೂ ಕೂರಲು ಕುರ್ಚಿಯಿಲ್ಲ! ಬರ್ಗರನ್ನು ಕೇಳಿ ಮುಗಿದಿತ್ತು. ಇನ್ನು ತಿನ್ನುವವರನ್ನೇ ಕೇಳಬೇಕು ಎಂದುಕೊಂಡು ನೀಲಿ ಅಂಗಡಿಗೆ ನುಗ್ಗಿದೆ.

ಒಬ್ಬ ಟ್ಯಾಕ್ಸಿ ಡ್ರೈವರ್ ಎರಡೂ ಕೈಯಲ್ಲಿ ಬರ್ಗರ್ ಹಿಡಿದು, ಕಣ್ಣು ಅರ್ಧ ಮುಚ್ಚಿ, ಸ್ವರ್ಗದ ಬಾಗಿಲಲ್ಲಿ ನಿಂತಿದ್ದ. ಎದುರು ಕುರ್ಚಿ ಎಳೆದು ಕೂತೆ.

"ಹೇಗಿದೆ ಸಾರ್?"

ಅವನು ಕಣ್ಣು ಬಿಟ್ಟ. ಅಗಿಯುವುದನ್ನು ನಿಲ್ಲಿಸಿದ. "ನೀವ್ಯಾರು?"

"ಯಾರೂ ಅಲ್ಲ. ಆ ಬನ್ನು ಸ್ವಲ್ಪ ಮೆತ್ತಗಾಯ್ತು ಅನ್ಸಲ್ವಾ? ಅಂದ್ರೆ, ನಿಮ್ಮ ಪ್ರಕಾರ?"

ಅವನು ಟ್ರೇ ಎತ್ತಿಕೊಂಡು ಹೋಗಿ ಕಸದ ಡಬ್ಬದ ಪಕ್ಕದ ಮೇಜಿನಲ್ಲಿ, ನನಗೆ ಬೆನ್ನು ಮಾಡಿ ಕೂತ. ಅಲ್ಲಿಂದ ಇನ್ನಿಬ್ಬರನ್ನು ಹಿಡಿದೆ, ಇಬ್ಬರೂ ನುಣುಚಿಕೊಂಡರು. ನಾನೇನು ಹೆದರುವವನೇ? ಕಿತ್ತಳೆ ಅಂಗಡಿಗೆ ಹೋದೆ. ಅಲ್ಲಿ ಬ್ಯಾಂಕಿನ ಬಿಲ್ಲೆ ಕೊರಳಿಗೆ ಹಾಕಿಕೊಂಡ ಹೆಂಗಸೊಬ್ಬಳು ತಿನ್ನುತ್ತಿದ್ದಳು. ಸಾಸು ಮುಂಗೈ ದಾಟಿ ಮೊಣಕೈ ಕಡೆಗೆ ಪ್ರಯಾಣ ಹೊರಟಿತ್ತು.

"ಮೇಡಂ, ಹೇಗಿದೆ?" ಎಂದೆ.

"ಅಯ್ಯೋ ರಾಮಾ, ಇಲ್ಲೂ ಪರೀಕ್ಷೆನಾ?" ಎಂದು ಆಕೆ ಬರ್ಗರ್ ಕೆಳಗಿಟ್ಟಳು. "ಇದಕ್ಕೇ ಕಣ್ರೀ ಆ ಪಕ್ಕದ ಅಂಗಡಿ ಬಿಟ್ಟಿದ್ದು."

ನನ್ನ ಎರಡೂ ಕಿವಿಗಳು ಮೊರದಷ್ಟಾದವು. "ಯಾಕೆ, ಅಲ್ಲಿ ಚೆನ್ನಾಗಿಲ್ವಾ?"

"ಚೆನ್ನಾಗಿಲ್ದೆ ಏನು! ಇದರಪ್ಪನ ಹಾಗಿದೆ. ಆದ್ರೆ ಆ ಟೀಚರಮ್ಮ ಕೈ ಕಟ್ಕೊಂಡು ಎದುರಿಗೇ ನಿಂತ್ಕೋತಾರೆ. ಒಂದು ತುತ್ತು ತಿಂದ್ರೆ 'ಹೇಗಿದೆ?' ಇನ್ನೊಂದು ತಿಂದ್ರೆ 'ಉಪ್ಪು ಸರಿಯಿದೆಯಾ?' ಬೆಳಿಗ್ಗೆಯಿಂದ ಕೌಂಟರಿನಲ್ಲಿ ಕಂಡಕಂಡೋರಿಗೆಲ್ಲ ಉತ್ತರ ಹೇಳಿ ಸಾಕಾಗಿರತ್ತೆ. ನಾನು ಬರ್ಗರ್ ತಿನ್ನೋದೇ ಯಾರೂ ನನ್ನ ನೋಡದೆ ಇರ್ಲಿ ಅಂತ. ಇಲ್ಲಿ ನೋಡಿ, ಮೂತಿಗೆಲ್ಲ ಬಳ್ಕೊಂಡ್ರೂ ಯಾರೂ ಕ್ಯಾರೇ ಅನ್ನಲ್ಲ. ನಿಮ್ಮನ್ನ ಬಿಟ್ಟು."

ಇಷ್ಟು ದೊಡ್ಡ ರಹಸ್ಯವನ್ನು ಇಷ್ಟು ಬೇಗ ಹೊರಗೆಳೆದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಓಡಿಹೋಗಿ ಅಕ್ಕನಿಗೆ ಹೇಳಿದೆ.

"ನಾನಾ? ನಾನ್ಯಾವಾಗ ನೋಡ್ತೀನಿ?" ಎಂದಳು. ಹಾಗೆನ್ನುತ್ತಲೇ ನನ್ನ ಮುಂದೊಂದು ಬರ್ಗರ್ ಇಟ್ಟು, ಕೈ ಕಟ್ಟಿ ನಿಂತು, ನನ್ನ ದವಡೆಯನ್ನೇ ದಿಟ್ಟಿಸಿದಳು. "ಮೆಣಸು ಜಾಸ್ತಿ ಆಯ್ತಾ?"

ನಾನು ನುಂಗಲಾರದೆ ಭಾವನ ಕಡೆ ನೋಡಿದೆ.

"ಮನೇಲಿ ನಾನು ಯಾವಾಗ್ಲೂ ಕಿಟಕಿ ಕಡೆ ತಿರುಗಿ ಊಟ ಮಾಡ್ತೀನಲ್ಲ," ಎಂದರು ಭಾವ, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ಯಾಕೆ ಅಂದ್ಕೊಂಡಿದ್ದೆ?"

"ಗಾಳಿ ಬರತ್ತೆ ಅಂತ ನೀವೇ ಹೇಳಿದ್ರಿ!"

"ಗಾಳಿ ಫ್ಯಾನಿಂದಲೂ ಬರತ್ತೆ."

ಅಕ್ಕ ಕುರ್ಚಿಯಲ್ಲಿ ಕುಸಿದಳು. ಅವಳ ಮುಖ ನೋಡಿ ನನ್ನ ಜಂಬವೂ ಸ್ವಲ್ಪ ಇಳಿಯಿತು. "ಕೇಳ್ದೆ ಹೇಗೋ ಗೊತ್ತಾಗತ್ತೆ?" ಎಂದಳು, ಮೆಲ್ಲಗೆ. "ಸ್ಕೂಲಲ್ಲಿ ಉತ್ತರಪತ್ರಿಕೆ ಆದ್ರೂ ಕೈಗೆ ಬರ್ತಿತ್ತು. ಇಲ್ಲಿ ತಿಂತಾರೆ, ಎದ್ದು ಹೋಗ್ತಾರೆ. ನಾನು ಮಾಡಿದ್ದು ಸರಿನಾ ತಪ್ಪಾ, ಯಾರು ಹೇಳ್ತಾರೆ?"

ಸಂಜೆ ಮೂವರೂ ಸೇರಿ ಪ್ಯಾಟಿ ಬೇಯಿಸುವ ಕಾವಲಿಯನ್ನು ತಿರುಗಿಸಿ ಗೋಡೆಗೆ ತಾಗಿಸಿ ಇಟ್ಟೆವು. ಹತ್ತಾಳು ಎತ್ತಲಾಗದ ಕಬ್ಬಿಣ ಅದು, ಹೆಚ್ಚಿನ ಭಾರ ನಾನೇ ಹೊತ್ತೆ. ಇನ್ನು ಅಕ್ಕನ ಬೆನ್ನು ಗಿರಾಕಿಗೆ, ಮುಖ ಗೋಡೆಗೆ. ಆರ್ಡರ್ ತೆಗೆದುಕೊಳ್ಳುವುದು ಭಾವ. ತಿನ್ನುವವರ ಕಡೆ ತಿರುಗಿದರೆ ಆ ದಿನವೇ ಹೆಡ್‌ಮಿಸ್‌ಗೆ ಹೂಂ ಎಂದುಬಿಡುತ್ತೇನೆ ಎಂದು ಅಕ್ಕ ತನಗೆ ತಾನೇ ಷರತ್ತು ಹಾಕಿಕೊಂಡಳು.

ಶುಕ್ರವಾರ ನಾನು ಕೆಲಸಕ್ಕೆ ಚಕ್ಕರ್ ಹೊಡೆದು ಅಲ್ಲೇ ಈರುಳ್ಳಿ ಹೆಚ್ಚುತ್ತ ನಿಂತೆ. ಊಟದ ಹೊತ್ತಿಗೆ ಆ ಬ್ಯಾಂಕಿನ ಹೆಂಗಸು ಬಾಗಿಲಲ್ಲಿ ಇಣುಕಿದಳು. ಅಕ್ಕನ ಬೆನ್ನು ನೋಡಿದಳು. ಕಿತ್ತಳೆ ಅಂಗಡಿಯ ಕಡೆ ಒಮ್ಮೆ ನೋಡಿದಳು. ಒಳಗೆ ಬಂದು ಮೂಲೆಯಲ್ಲಿ ಕೂತಳು.

"ಯಾರು?" ಅಕ್ಕ ಪಿಸುಗುಟ್ಟಿದಳು.

"ಗಿರಾಕಿ."

"ತಿಂತಿದ್ದಾರಾ?"

"ತಿಂತಿದ್ದಾರೆ."

"ಮುಖ ಹೇಗಿದೆ?"

"ನೋಡಬಾರದು ಅಂತ ಅಲ್ವಾ ನಾವು ಮಾತಾಡ್ಕೊಂಡಿದ್ದು?"

ಅಕ್ಕನ ಕತ್ತು ಎಡಕ್ಕೆ ಒಂದು ಕೂದಲೆಳೆಯಷ್ಟು ಹೊರಳಿತು. ಆಮೇಲೆ ಮತ್ತೆ ಗೋಡೆಗೆ ಹೋಯಿತು. ಚಟ್ಟುಗದಿಂದ ಖಾಲಿ ಕಾವಲಿಯನ್ನೇ ಕೆರೆದಳು. ಆ ಹೊತ್ತು ನಾನು ಉಸಿರು ಹಿಡಿದದ್ದು ನೋಡಿದ್ದರೆ ಮುತ್ತು ತೆಗೆಯಲು ಸಮುದ್ರಕ್ಕಿಳಿಯುವವರು ನನ್ನ ಕಾಲಿಗೆ ಬೀಳುತ್ತಿದ್ದರು.

"ಇನ್ನೊಂದು," ಎಂದರು ಭಾವ ಕೌಂಟರಿನಿಂದ. "ಪಾರ್ಸೆಲ್."

ಅದು ಆ ಹೆಂಗಸಿಗೋ ಬೇರೆ ಯಾರಿಗೋ ಎಂದು ಅಕ್ಕನಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಹೇಳಲು ಬಾಯಿ ತೆರೆದೆ. ಅಕ್ಕ ಚಟ್ಟುಗವನ್ನು ನನ್ನ ಮೂಗಿನ ಮುಂದೆ ಹಿಡಿದು, "ಸುಮ್ನಿರು," ಎಂದಳು. ಕಾವಲಿಯ ಮೇಲೆ ಪ್ಯಾಟಿ ಚುಯ್ಯೆಂದಿತು. ಬನ್ನಿನ ಅಂಚು ಕಂದುವವರೆಗೂ ಅವಳು ಕಾದಳು.

ಬ್ಯಾಂಕಿನ ಹೆಂಗಸು ಪೊಟ್ಟಣ ಹಿಡಿದು, ಮುಂಗೈ ನೆಕ್ಕಿಕೊಳ್ಳುತ್ತ, ಒಂದು ಮಾತೂ ಆಡದೆ ಹೋದಳು.

"ರೀ," ಎಂದಳು ಅಕ್ಕ, ಗೋಡೆಗೆ ಮುಖ ಮಾಡಿಯೇ. "ಹೆಡ್‌ಮಿಸ್‌ಗೆ ಒಂದು ಫೋನ್ ಮಾಡ್ಬಿಡಿ. ನಾನು ಬರಲ್ಲ ಅಂತ ಹೇಳಿ."

ಭಾವ ಫೋನ್ ಎತ್ತಿಕೊಂಡು ಹೊರಗೆ ನಡೆದರು.

"ಅವರು ಏನಂದ್ರು ಅಂತ ನನಗೆ ಹೇಳ್ಬೇಡಿ," ಎಂದಳು ಅಕ್ಕ.