ನಾಲ್ಕನೆಯವಳು

ಬಸ್ಸಿನ ಕಿಟಕಿಯ ಗಾಜಿನ ಮೇಲೆ ಎಲೆಅಡಿಕೆಯ ಕೆಂಪು ಉಗುಳು ಉದ್ದಕ್ಕೆ ಇಳಿಯುತ್ತಿದೆ, ಯಾರೋ ರಸ್ತೆಗೆ ಉಗುಳಿದನೋ ನನಗೇ ಉಗುಳಿದನೋ, ಕೋರ್ಟಿದ್ದ ಲಿಂಗಸುಗೂರು ಹಿಂದೆ ಸರಿಯಿತು, ಉಗುಳಲಿ, ಕಪ್ಪು ಕೋಟು ಮಡಿಚಿ ಚೀಲದಲ್ಲಿಟ್ಟೆ, ಮುಖ ಎಲ್ಲಿಡಲಿ, ಬೆಳಿಗ್ಗೆಯಿಂದ ಎಲ್ಲರ ಮೊಬೈಲಿನಲ್ಲೂ ಇದೇ ಮುಖ — ಹೆಂಗಸರನ್ನು ಕೊಂದವನ ಪರ ನಿಂತ ವಕೀಲೆ ಕಹಕಶಾ. ಹೌದು, ನಿಂತೆ. ಕೋರ್ಟು ನನ್ನನ್ನು ನೇಮಿಸಿದಾಗ ಸಿಂಧನೂರಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ವಕೀಲ ಇಸ್ಮಾಯಿಲ್‌ಸಾಬರೇ ಬೇಡವೆಂದರು, ಬೇಟಿ, ಆ ಹರಾಮಿ ಕೇಸು ನಿನಗ್ಯಾಕವ್ವ, ಮಂದಿ ಮನೀತನಕ ಬರ್ತಾರ, ಹಂಗಾರ ಯಾರು ನಿಲ್ಲಬೇಕ್ರಿ ಎಂದು ಕೇಳಿದೆ, ಅವರು ಕನ್ನಡಕ ಒರೆಸುತ್ತ ಕುಳಿತರು. ಚನ್ನು, ಭತ್ತ ಕೊಯ್ಯುವ ಮಷಿನ್ ಓಡಿಸುತ್ತಿದ್ದವನು, ದಢೇಸುಗೂರಿನ ಕಡೆ ಕಾಲುವೆಯಲ್ಲಿ ಸಿಕ್ಕ ನಾಲ್ಕು ಹೆಣಗಳಿಗೂ ಅವನೇ ಕಾರಣ ಎಂದರು ಪೊಲೀಸರು, ಜೈಲಿನ ಜಾಲರಿಯಾಚೆ ಕುಳಿತು ಅವನು ಹೇಳಿದ್ದು — ಮೂರು ನಾನೇ ಮಾಡೀನ್ರಿ ಮೇಡಮ್, ನಾಕನೇದು ನಂದಲ್ಲ — ಕೊಯ್ದ ಹೊಲದ ಲೆಕ್ಕ ಒಪ್ಪಿಸುವವನ ದನಿ, ಹೊರಗೆ ಬಂದೆ, ಇವನ ಮಾತು ನಂಬಬೇಕೇ ನಾನು, ಆದರೆ ನಂಬದೆ ಬಿಟ್ಟರೆ ಆ ನಾಲ್ಕನೆಯವಳನ್ನು, ಮಸ್ಕಿಯ ಐಶ್ವರ್ಯಳನ್ನು, ಕೊಂದವನು ಯಾರು?

ಹುಡುಕಲು ಹೋಗಬೇಕಾಗಲೇ ಇಲ್ಲ, ಅವಳ ತಾಯಿಯೇ ನನ್ನ ಮನೆಗೆ ಬಂದಳು, ಸಂತೆಕಲ್ಲೂರಿನ ಪಾರ್ವತೆಮ್ಮ, ವಿಭೂತಿ ಬೆವರಿಗೆ ಕರಗಿತ್ತು, ಬಯ್ಯಲು ಬಂದಳೆಂದುಕೊಂಡೆ, ಅವಳು ಕೂತು ನೀರು ಕುಡಿದು ಹೇಳಿದಳು, ನನ್ನ ಮಗಳು ಸತ್ತ ದಿನ ಈ ಚನ್ನು ಆಸ್ಪತ್ರ್ಯಾಗಿದ್ನವ್ವ, ನಮ್ಮ ಮನಿಯವರ ಬಾಜೂಕಿನ ಹಾಸಿಗ್ಯಾಗ, ಬ್ಯಾರೆ ಹೆಸರು ಹೇಳಿ ಮಲಗಿದ್ದ, ಇವನ ಸಲೈನ್ ಮುಗದಾಗ ನರ್ಸಮ್ಮನ್ನ ಕರದಾಕಿ ನಾನೇ, ಪೇಪರಿನ್ಯಾಗ ಫೋಟೋ ನೋಡಿ ಗುರ್ತು ಹಿಡದೆ. ಮತ್ತೆ ದನಿ ತಗ್ಗಿಸಿ, ಅಳಿಯ ಆಕಿ ಕುತಿಗಿ ಹಿಚುಕ್ತಿದ್ದ, ಕಲೆ ನನಗ ತೋರಿಸಿದ್ಲು, ಪೊಲೀಸ್ರಿಗೆ ಹೇಳಿದ್ರ ಬರಕೊಳ್ಳಲಿಲ್ಲ. ಬರೆದುಕೊಳ್ಳುವುದೇಕೆ, ಮೂರು ಮಾಡಿದವಗ ಇನ್ನೊಂದೇನು ಭಾರ ಆಕ್ಕತ್ರಿ ಎಂದು ತನಿಖಾಧಿಕಾರಿ ನನ್ನೆದುರೇ ನಕ್ಕನಲ್ಲ, ಹೆಣ್ಣಿನ ಹೆಣ ಅವನಿಗೆ ಟ್ರ್ಯಾಕ್ಟರಿಗೆ ಎತ್ತಿಹಾಕುವ ಇನ್ನೊಂದು ಮೂಟೆ. ಕಟಕಟೆಯಲ್ಲಿ ಪಾರ್ವತೆಮ್ಮ ಅದನ್ನೇ ಹೇಳಿದಳು, ಸರ್ಕಾರಿ ವಕೀಲರು ಎದ್ದುನಿಂತು ಈಕೆ ನಮ್ಮ ವಿರುದ್ಧವೇ ತಿರುಗಿದ ಪ್ರತಿಕೂಲ ಸಾಕ್ಷಿ ಎಂದರು, ಹೆತ್ತವಳು ಯಾರಿಗೆ ಪ್ರತಿಕೂಲ, ಯಾರಿಗೆ, ಹಿಂದಿನ ಬೆಂಚಿನಿಂದ ಯಾರೋ ಎಷ್ಟು ತಗೊಂಡಿ ಬೇ ಅಂದರು, ಅವಳು ತಿರುಗಿಯೂ ನೋಡಲಿಲ್ಲ, ಅವ ಅಲ್ರಿ ಸಾಹೇಬ್ರ, ನನ್ನ ಮಗಳನ್ನ ಕೊಂದವ ಅವ ಅಲ್ಲ ಎಂದಷ್ಟೇ.

ಇವತ್ತು ತೀರ್ಪು, ಮೂರು ಕೊಲೆಗೆ ಸಾಯುವತನಕ ಜೈಲು, ನಾಲ್ಕನೆಯದರಲ್ಲಿ ಬಿಡುಗಡೆ, ನ್ಯಾಯಾಧೀಶರು ಆಕೆಯ ಮಾತು ನಂಬಿದರು, ಒಬ್ಬಳ ಮಾತನ್ನಾದರೂ ಯಾರೋ ನಂಬಿದರು. ಹೊರಗೆ ಮಂದಿಗೆ ಕೇಳಿಸಿದ್ದು ಜೈಲು ಮಾತ್ರ, ಪಟಾಕಿ ಹಚ್ಚಿದರು, ಕೇಸ್ ಮುಗೀತು ಮೇಡಮ್, ಮನಿಗೆ ಹೋಗ್ರಿ ಎಂದ ತನಿಖಾಧಿಕಾರಿ, ಅಳಿಯನ ಮೇಲೆ ಹೊಸ ದೂರು ಕೊಡುತ್ತೇವೆ ಎಂದೆ, ಕೊಡ್ರಿ ಎಂದು ಜೀಪು ಹತ್ತಿದ. ಪಾರ್ವತೆಮ್ಮ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದಳು, ಕಹಕಶವ್ವ, ನನ್ನ ಮಗಳದು ಯಾವಾಗ ಕೇಳ್ತಾರ, ನಾನು ಬಾಯಿ ತೆರೆಯುವಷ್ಟರಲ್ಲಿ ಅಳಿಯ ಬಂದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸುತ್ತ ಮೊಬೈಲುಗಳು ಎದ್ದವು, ಅತ್ತಿ, ನಮ್ಮ ಐಶುಗ ನ್ಯಾಯ ಸಿಕ್ತು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬಗ್ಗಿದ, ಪಾದಕ್ಕೆ ಕೈ ಚಾಚಿದ — ಅವಳು ಎರಡೂ ಕಾಲು ಸೀರೆಯೊಳಗೆ ಎಳೆದುಕೊಂಡಳು. ಬಸ್ಸು ಮಸ್ಕಿಯಲ್ಲಿ ನಿಂತಿದೆ, ಯಾರೋ ಇಳಿಯುತ್ತಾರೆ, ಯಾರೋ ಹತ್ತುತ್ತಾರೆ, ನಾಳೆ ದೂರು ಬರೆಯಬೇಕು, ಎಲ್ಲಿಂದ ಶುರು ಮಾಡಲಿ, ಬಿರುಕುಬಿಟ್ಟ ಆ ಹಿಮ್ಮಡಿ, ಸೀರೆಯ ಅಂಚು, ಅವನ ಕೈ ಬರಿಯ ಕಲ್ಲಿನ ಮೇಲೆ, ಅವಳು ಕಾಲು ಎಳೆದುಕೊಂಡಳು, ಎಳೆದುಕೊಂಡಳು —